ಸಲಾಮಿನ ಪುಟದ ಅಂಚು

ಹಳೆಯ ಪುಸ್ತಕಗಳನ್ನು ರಿಪೇರಿ ಮಾಡುವ ಅವಳ ಕೋಣೆಗೆ ಮೇಷ್ಟ್ರು ಮೊದಲ ಸಲ ಬಂದಾಗ, ಮನೆತನದ ಪ್ರಾರ್ಥನಾ ಪುಸ್ತಕವನ್ನು ಕೂಸಿನ ಹಾಗೆ ಎದೆಗವಚಿಕೊಂಡಿದ್ದರು. ಮೇಜಿನ ಮೇಲಿಡಿ ಅಂದರೂ ಇಡಲೊಲ್ಲರು.

"ನಾನೇನು ಕಚ್ಚಿ ತಿನ್ನಲ್ಲ," ಅಂದಳು.

"ನೀವಲ್ಲ, ಇಲಿ ಇದ್ರೆ?" ಎಂದು ನಕ್ಕರು. ಆ ನಗುವಿಗೇ ಅವಳು ಸೋತದ್ದು.

ಹರಿದದ್ದನ್ನು ಹೊಲಿಯುವವಳೆಂದು ಅವಳಿಗೆ ಅವರಿಟ್ಟ ಹೆಸರು ಡಾಕ್ಟ್ರಮ್ಮ. ಪುಸ್ತಕದ ರಟ್ಟನ್ನು ಹುಳು ತಿಂದಿತ್ತು, ಹೊಲಿಗೆ ಬಿಟ್ಟಿತ್ತು. ಒಳಗೆ ಮಾತ್ರ ಕಣ್ಣು ಕೋರೈಸುವ ಚಿನ್ನದ ಬಳ್ಳಿ, ನೀಲಿ ಹೂ. ದೊಡ್ಡಕ್ಷರದ ಅರಬ್ಬಿ ಸಾಲು, ಅದರಡಿ ಕೆಂಪು ಶಾಯಿಯಲ್ಲಿ ಸಣ್ಣಗೆ ಫಾರಸಿ ಅರ್ಥ. ಅವಳಿಗೆ ಎರಡೂ ಓದಲು ಬಾರದು. ವಾರ ವಾರ ಶಾಲೆ ಮುಗಿಸಿ ಬಂದು ಮೇಷ್ಟ್ರು ಓದಿ ಹೇಳುವರು. ಅವಳು ಅವರ ತುಟಿ ನೋಡುವಳು. ಅವರು ತಲೆಯೆತ್ತಿದರೆ ಸೂಜಿಗೆ ದಾರ ಪೋಣಿಸುವ ನಾಟಕ.

"ದಾರ ಆಗ್ಲೇ ಪೋಣಿಸಿದೆ, ಡಾಕ್ಟ್ರಮ್ಮ," ಅಂದರೊಮ್ಮೆ. ಅವಳ ಕಿವಿ ಕೆಂಪಾಯಿತು.

ನಿಮಗಿಷ್ಟವಾದ ಪುಟ ಯಾವುದು ಎಂದು ಕೇಳಿದ್ದಕ್ಕೆ, ಕರ್ಬಲಾದಲ್ಲಿ ಹುತಾತ್ಮರಾದ ಇಮಾಮರಿಗೆ ಸಲಾಂ ಹೇಳುವ ಪುಟ ತೆರೆದರು. ತೀರಿಹೋದ ಅಮ್ಮ ದಿನವೂ ಇದನ್ನೇ ಓದುತ್ತಿದ್ದರಂತೆ. ಇನ್ನೇನೋ ಹೇಳಹೊರಟವರು ಪುಸ್ತಕ ಮುಚ್ಚಿದರು. ಅವಳು ಕೆದಕಲಿಲ್ಲ. ಹೊರಡುವಾಗ, ಮುಂದಿನ ವಾರ ಪುಸ್ತಕದ ಜೊತೆ ನಿಮ್ಮನ್ನೂ ಕರೆದೊಯ್ದು ಅಕ್ಕನಿಗೆ ತೋರಿಸಬೇಕು ಎಂದರು.

ಆ ವಾರವೆಲ್ಲ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಪುಟದ ಅಂಚೇ ಎಲ್ಲಕ್ಕಿಂತ ಕೊಳಕಾಗಿತ್ತು. ಕಂದು ಕಲೆಗಳು, ಹೆಬ್ಬೆರಳಿನ ಜಿಡ್ಡು. ಅವರ ಪುಟ ಹೀಗಿರಬಾರದು ಅನ್ನಿಸಿತು. ಒದ್ದೆ ಹತ್ತಿಯನ್ನು ಕಡ್ಡಿಗೆ ಸುತ್ತಿ, ಅಕ್ಷರಕ್ಕೂ ಚಿನ್ನಕ್ಕೂ ತಾಗದಂತೆ, ಉಸಿರು ಬಿಗಿಹಿಡಿದು ಒರೆಸಿದಳು. ಕಾಗದ ಕೆನೆಬಣ್ಣಕ್ಕೆ ತಿರುಗಿತು. ಇಷ್ಟು ಚೆಂದದ ಕೆಲಸ ಅವಳ ಕೈಯಿಂದ ಹಿಂದೆಂದೂ ಆಗಿರಲಿಲ್ಲ.

ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು ಬಂದರು. ಪುಟ ತೆರೆದು ಅಂಚಿನ ಮೇಲೆ ಬೆರಳಾಡಿಸಿದರು. ಹಿಂದಿನ ಪುಟ ನೋಡಿದರು, ಮತ್ತೆ ಅಲ್ಲಿಗೇ ಬಂದರು.

"ಇಲ್ಲಿ ಕಲೆ ಇತ್ತಲ್ಲ?"

"ತೆಗೆದೆ. ನಿಮಗಿಷ್ಟವಾದ ಪುಟ ಅಂತ."

ಅವರು ಕುರ್ಚಿ ಎಳೆದು ಕೂತರು. "ಅದು ಅಮ್ಮನ ಕಣ್ಣೀರು, ಡಾಕ್ಟ್ರಮ್ಮ. ಅಜ್ಜೀದೂ ಇತ್ತು. ಈ ಸಾಲಿಗೆ ಬಂದ್ರೆ ಸಾಕು, ಅಳ್ತಿದ್ರು. ಹೆಬ್ಬೆರಳು ಇಟ್ಕೊಳ್ತಿದ್ದಿದ್ದೂ ಇಲ್ಲೇ. ಅಮ್ಮಂದು ಅಂತ ಮನೇಲಿ ಒಂದು ಫೋಟೋ ಕೂಡ ಇಲ್ಲ."

ಆ ಹತ್ತಿಯನ್ನು ಅವತ್ತೇ ಕಸಕ್ಕೆ ಹಾಕಿಯಾಗಿತ್ತು. ತಪ್ಪಾಯಿತು ಅಂದಳು, ಒಂದು ಮಾತು ಕೇಳಬೇಕಿತ್ತು ಅಂದಳು. ಕೊನೆಗೆ ಆ ಹೊತ್ತಿನಲ್ಲಿ ಆಡಬಾರದ ಮಾತೂ ಬಂದುಬಿಟ್ಟಿತು.

"ನೀವಂದ್ರೆ ಇಷ್ಟ. ಅದಕ್ಕೇ ಮಾಡಿದೆ."

"ಗೊತ್ತು. ಅದಕ್ಕೇ ಬೈಯೋಕೂ ಆಗ್ತಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. "ನಂಗೂ ಇಷ್ಟಾನೇ. ಆದ್ರೆ ಇನ್ಮೇಲೆ ನಿಮ್ಮ ಕೈ ನೋಡ್ದಾಗೆಲ್ಲ ಈ ಅಂಚೇ ಕಾಣುತ್ತೆ. ಏನ್ಮಾಡ್ಲಿ, ಹೇಳಿ."

ಅವರೇ ಎದ್ದು, ಕಟ್ಟಿಕೊಡಿ ಎಂದರು. ಅವಳು ಬಿಳಿ ಬಟ್ಟೆ ಹಾಸಿದಳು. ಕಣ್ಣು ತುಂಬಿ ಹರಿಯತೊಡಗಿತು. ಪುಟದ ಮೇಲೆ ಹನಿ ಬೀಳಬಾರದೆಂದು, ಕಸುಬಿನ ಅಭ್ಯಾಸಬಲದಿಂದ, ಮುಖವನ್ನು ಥಟ್ಟನೆ ಅತ್ತ ತಿರುಗಿಸಿದಳು. ಹಾಗೆಯೇ ತಡಕಾಡಿ ಬಟ್ಟೆ ಮಡಿಸಿ, ಗಂಟು ಹಾಕಿ ಕೊಟ್ಟಳು.

ಮೇಷ್ಟ್ರು ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತದ್ದು ಅವಳಿಗೆ ಗೊತ್ತಾಯಿತು. ಮುಖ ಒರೆಸಿಕೊಂಡು ತಿರುಗುವಷ್ಟರಲ್ಲಿ ಹೊರಟುಹೋಗಿದ್ದರು.