ಎರಡನೆಯ ಸಹಿ

"ಕೈ ತೆಗೀರಿ! ಆ ಗುಂಡಿ ಒತ್ತಬೇಡಿ!"

ಲ್ಯಾಬಿನ ಬಾಗಿಲಲ್ಲಿ ನಿಂತು ಹಾಗೆ ಕೂಗಿದವನನ್ನು ವೀಬ್ಕೆ ಅದುವರೆಗೆ ನೋಡಿರಲೇ ಇಲ್ಲ. ಎತ್ತರದ ಆಳು. ಮಂಜಿಗೆ ಒದ್ದೆಯಾದ ಕೋಟು. ಕೈಯಲ್ಲಿ ಅರ್ಧ ತಿಂದ ಬ್ರೆಟ್ಸೆಲ್, ಗಂಟು ಹಾಕಿದಂಥ ಉಪ್ಪು ಬ್ರೆಡ್ಡು.

"ಯಾರ್ರೀ ನೀವು?"

"ಕೊರ್ಬಿನಿಯಾನ್ ಲಾಯ್ಬಲ್. ಕಾರ್ಖಾನೆ ವಿಭಾಗದವನು. ಇವತ್ತಿಂದ ನಿಮ್ಮ ಎರಡನೇ ವ್ಯಕ್ತಿ. ಚಿಪ್ ಸುಡೋ ಕೆಲಸ ಒಬ್ರೇ ಮಾಡೋ ಹಾಗಿಲ್ಲ, ಗೊತ್ತಲ್ವಾ?"

"ಇದು ಬರೀ ತಾಲೀಮು, ಏನೂ ಸುಡಲ್ಲ! ಅಲ್ದೆ, ಒಬ್ಳೇ ಮಾಡ್ಬಾರ್ದು ಅಂದ್ರೆ ಏನ್ಮಾಡ್ಲಿ? ಇಲ್ಲಿ ಇರೋದೇ ನಾನೊಬ್ಳು!"

ಮಾತು ಹೊರಬಿದ್ದ ಮೇಲೆ ವೀಬ್ಕೆಯ ಮುಖ ಬಿಸಿಯಾಯಿತು. ಅವಳು ಹೇಳಿದ್ದು ಲ್ಯಾಬಿನ ಬಗ್ಗೆ. ಆದರೆ ದನಿ ಯಾಕೆ ಹಾಗೆ ಒಡೆಯಿತು?

ಅವನು ಬ್ರೆಟ್ಸೆಲನ್ನು ಬೋರ್ಡುಗಳಿಂದ ದೂರ, ಕಿಟಕಿಯ ಕಟ್ಟೆಯ ಮೇಲಿಟ್ಟ. ಕುರ್ಚಿ ಎಳೆದುಕೊಂಡು ಕೂತ.

"ಸರಿ ಹಾರ್ಮ್ಸ್ ಅವರೇ. ಈಗ ಇಬ್ರಾದ್ವಿ. ಶುರು ಮಾಡಿ."

ವೀಬ್ಕೆ ಹಾರ್ಮ್ಸ್ ಉತ್ತರ ಸಮುದ್ರದ ದಂಡೆಯವಳು. ದಕ್ಷಿಣದ ರೇಗನ್ಸ್‌ಬುರ್ಗ್ ಊರಿಗೆ ಬಂದು ಮೂರು ವರ್ಷವಾಗಿತ್ತು. ಕಾರಿನ ಬ್ರೇಕನ್ನು ನಿಯಂತ್ರಿಸುವ ಪುಟ್ಟ ಚಿಪ್ಪಿಗೆ ಕಾವಲು ಕಟ್ಟುವುದು ಅವಳ ಕೆಲಸ. ಕಾರಿನ ಕೀಲಿ ತಿರುಗಿಸಿದ ಕ್ಷಣದಲ್ಲೇ ಚಿಪ್ಪು ತನ್ನೊಳಗಿನ ತಂತ್ರಾಂಶವನ್ನು ಪರೀಕ್ಷಿಸಬೇಕು: ಇದರ ಸಹಿ ನಮ್ಮವರದೇ? ಹೌದಾದರೆ ಏಳುತ್ತದೆ. ಅಲ್ಲವಾದರೆ ತುಟಿ ಬಿಚ್ಚುವುದಿಲ್ಲ.

ನಮ್ಮವರ ಸಹಿ ಯಾವುದೆಂದು ಅದಕ್ಕೆ ತಿಳಿಯಲು ಅರವತ್ನಾಲ್ಕು ಅಕ್ಷರಗಳ ಒಂದು ಗುರುತನ್ನು ಚಿಪ್ಪಿನೊಳಗೆ ಸುಡಬೇಕು. ಒಮ್ಮೆ ಸುಟ್ಟರೆ ಮುಗಿಯಿತು, ಅಳಿಸಲಾಗದು. ಅದಕ್ಕೇ ಇಬ್ಬರು ಬೇಕು. ಒಬ್ಬರು ಕಾಗದ ನೋಡಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆಯ ಮೇಲೆ ಹೊಂದಿಸಿ ನೋಡಬೇಕು, ಕೊನೆಗೆ ಇಬ್ಬರೂ ಸಹಿ ಹಾಕಬೇಕು.

ವಾರಕ್ಕೆರಡು ದಿನದಂತೆ ಆರು ವಾರ ತಾಲೀಮು ನಡೆಯಿತು. ಅವಳು ಓದುತ್ತಿದ್ದಳು, ಅವನು "ಹೂಂ" ಅನ್ನುತ್ತಿದ್ದ. ಅಷ್ಟೇ. ಆದರೂ ವೀಬ್ಕೆ ಮಂಗಳವಾರ, ಗುರುವಾರಗಳಿಗಾಗಿ ಕಾಯತೊಡಗಿದಳು. ವಾರವಿಡೀ ಅವಳ ಮಾತನ್ನು ಅಕ್ಷರ ಅಕ್ಷರವಾಗಿ ಕೇಳಿಸಿಕೊಳ್ಳುವವನು ಅವನೊಬ್ಬನೇ. ಉಳಿದಂತೆ ಕ್ಯಾಂಟೀನಿನಲ್ಲಿ ಗೋಡೆಬದಿಯ ಮೇಜು, ಸಂಜೆ ಒಂಟಿ ಚಹಾ, ಭಾನುವಾರ ಡೊನಾವ್ ನದಿಯ ದಂಡೆಯಲ್ಲಿ ಯಾರದೋ ನಾಯಿಗಳನ್ನು ನೋಡುತ್ತಾ ನಡಿಗೆ...

"ನಿಮ್ಮೂರು ಅಷ್ಟೊಂದು ಸಪಾಟಂತೆ?" ಒಮ್ಮೆ ಅವನು ಕೀಟಲೆ ಮಾಡಿದ್ದ. "ಭಾನುವಾರ ಬರೋ ನೆಂಟರು ಬುಧವಾರಾನೇ ಕಾಣಿಸ್ತಾರಂತೆ!"

"ಕಾಣಿಸ್ತಾರೆ. ಇಲ್ಲಿ ಎದುರುಮನೆಯವರೂ ಕಾಣಿಸಲ್ಲ."

ಅವನು ನಗಲಿಲ್ಲ. "ಮುಂದಿನ ಸಾಲು ಓದಿ" ಎಂದ, ಬಹಳ ಮೆಲ್ಲಗೆ.

ನವೆಂಬರಿನ ಒಂದು ಗುರುವಾರ ನಿಜವಾದ ಸುಡುವಿಕೆ ನಡೆಯಿತು. ಚಿಪ್ಪು ಕೂರಿಸಿದ ಬೋರ್ಡು ಇದ್ದದ್ದು ಆರೇ ಆರು. ಮೊದಲ ಮೂರನ್ನು ಒಟ್ಟಿಗೆ ಮುಗಿಸಿ ವಿದ್ಯುತ್ ಕೊಟ್ಟರು.

ಒಂದೂ ಏಳಲಿಲ್ಲ.

ವೀಬ್ಕೆ ತಂತಿ ಬದಲಿಸಿದಳು. ಮತ್ತೆ ಕೊಟ್ಟಳು. ಪರದೆ ಖಾಲಿ. ಮೂರೂ ಶವದ ಹಾಗೆ ತಣ್ಣಗಿದ್ದವು.

ಕೊರ್ಬಿನಿಯಾನನ ಮುಖ ಬಿಳಿಚಿಕೊಂಡಿತ್ತು. ಸಹಿ ಹಾಕಿದ ಕಾಗದವನ್ನೇ ದಿಟ್ಟಿಸಿ, ಕೋಟು ಎತ್ತಿಕೊಂಡು ಹೊರಟುಬಿಟ್ಟ.

'ಒಂದು ಮಾತೂ ಆಡದೆ ಹೋದನಲ್ಲ...'

ಸೋಮವಾರ ಬೆಳಿಗ್ಗೆ ಕಚೇರಿಯಿಂದ ಎರಡು ಸಾಲಿನ ಪತ್ರ ಬಂತು. ಲಾಯ್ಬಲ್ ಅವರು ತಮ್ಮನ್ನು ಎರಡನೆಯ ವ್ಯಕ್ತಿಯ ಹೊಣೆಯಿಂದ ಬಿಡಿಸಬೇಕೆಂದು ಕೋರಿದ್ದಾರೆ. ಇನ್ನು ಮುಂದೆ ವಿಭಾಗದ ಮುಖ್ಯಸ್ಥೆ ರೋಸ್ವಿತಾ ಅವರೇ ಆ ಜಾಗದಲ್ಲಿರುತ್ತಾರೆ.

ವೀಬ್ಕೆ ಅದನ್ನು ನಾಲ್ಕು ಸಲ ಓದಿದಳು. ಅರ್ಥ ಸ್ಪಷ್ಟವಾಗಿತ್ತು. ತಪ್ಪು ಮಾಡುವವಳ ಹೆಸರಿನ ಕೆಳಗೆ ತನ್ನ ಹೆಸರು ಬರುವುದು ಅವನಿಗೆ ಬೇಡ!

ಮಧ್ಯಾಹ್ನ ಕ್ಯಾಂಟೀನಿನ ಸಾಲಿನಲ್ಲಿ ಅವನು ಎದುರಾದ.

"ಹಾರ್ಮ್ಸ್ ಅವರೇ, ನಿಮ್ಮ ಹತ್ರ..."

"ಪತ್ರ ಓದಿದೆ. ಒಳ್ಳೇ ನಿರ್ಧಾರ."

"ಓದಿದ್ರಾ?" ಅವನ ಕಿವಿ ಕೆಂಪಾಯಿತು. "ಮತ್ತೆ... ನಿಮಗೇನೂ ಹೇಳೋಕಿಲ್ವಾ?"

"ಹೇಳೋಕೇನಿದೆ? ನಿಮ್ಮಿಷ್ಟ."

ಅವನು ತಲೆಯಾಡಿಸಿ ತಟ್ಟೆ ಹಿಡಿದು ದೂರ ಸರಿದ. ವೀಬ್ಕೆ ಗೋಡೆಬದಿಯ ಮೇಜಿಗೆ ಹೋಗಿ ಕೂತಳು. ಸೂಪಿನ ಬಟ್ಟಲನ್ನು ಪಕ್ಕಕ್ಕೆ ತಳ್ಳಿದಳು.

ಬುಧವಾರ ಅವಳಿಗೆ ತಪ್ಪು ಸಿಕ್ಕಿತು. ಈ ಚಿಪ್ಪು ಗುರುತನ್ನು ಎಂಟೆಂಟು ಅಕ್ಷರದ ಗುಂಪುಗಳಾಗಿ ತೆಗೆದುಕೊಂಡು, ಪ್ರತಿ ಗುಂಪಿನೊಳಗಿನ ಎರಡೆರಡು ಅಕ್ಷರದ ಜೋಡಿಗಳನ್ನು ಕೊನೆಯಿಂದ ಮೊದಲಿಗೆ ಓದುತ್ತಿತ್ತು. ಕಾಗದವನ್ನು ತಯಾರಿಸಿದ ಅವಳದೇ ತಂತ್ರಾಂಶ ನೇರ ಕ್ರಮದಲ್ಲಿ ಬರೆದುಕೊಟ್ಟಿತ್ತು. ತಪ್ಪು ಕಾಗದವನ್ನು ಇಬ್ಬರೂ ಒಂದಕ್ಷರ ಬಿಡದೆ, ಪರಮ ಶ್ರದ್ಧೆಯಿಂದ ಸರಿ ನೋಡಿದ್ದರು!

ಕ್ರಮ ತಿದ್ದಿ, ರೋಸ್ವಿತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾಲ್ಕನೆಯ ಬೋರ್ಡನ್ನು ಸುಟ್ಟಳು. ವಿದ್ಯುತ್ ಕೊಟ್ಟಳು. ಹಸಿರು ದೀಪ ಹೊತ್ತಿತು. ಪರದೆಯ ಮೇಲೆ ಮೊದಲ ಸಾಲು ಮೂಡಿತು.

"ಎದ್ದಿತು!" ಎಂದು ವೀಬ್ಕೆ ಎಡಕ್ಕೆ ತಿರುಗಿದಳು.

ಅಲ್ಲಿದ್ದದ್ದು ಕೊರ್ಬಿನಿಯಾನ್ ಕೂರುತ್ತಿದ್ದ ಕುರ್ಚಿ, ಖಾಲಿ. ರೋಸ್ವಿತಾ ಬಲಗಡೆ ಕೂತಿದ್ದಳು.

ಕಣ್ಣು ತುಂಬಿಬಂತು. ಎಷ್ಟು ತಡೆದರೂ ನಿಲ್ಲಲಿಲ್ಲ.

"ಬೋರ್ಡು ಎದ್ದಿದ್ದಕ್ಕೆ ಅಳೋ ಎಂಜಿನಿಯರನ್ನ ಇವತ್ತೇ ನೋಡ್ತಿರೋದು," ಎಂದಳು ರೋಸ್ವಿತಾ. ಅರವತ್ತರ ಹತ್ತಿರದ ಹೆಂಗಸು, ಮಾತು ಒರಟು, ಕರವಸ್ತ್ರ ಮಾತ್ರ ತಕ್ಷಣ ಮುಂದೆ ಬಂತು. "ಹುಡುಗಿ, ಆ ಅರ್ಜಿಗೆ ನೀನಿನ್ನೂ ಸಹಿ ಹಾಕಿಲ್ಲ."

"ಯಾವ ಅರ್ಜಿ?"

"ಲಾಯ್ಬಲ್‌ದು. ಒಬ್ರು ಬಿಟ್ಟುಹೋದ್ರೆ ಇನ್ನೊಬ್ರು ಕಾರಣ ಓದಿ ಸಹಿ ಹಾಕ್ಬೇಕು. ಸೋಮವಾರದಿಂದ ನಿನ್ನ ಮೇಜಿನ ಮೇಲೇ, ಕಾಗದಗಳ ಅಡೀಲಿ ಬಿದ್ದಿತ್ತು. ಈಗ ಬರುವಾಗ ತಂದೆ."

"ಕಾರಣ ಗೊತ್ತು. ತಪ್ಪು ನಂದೇ ಅಂತ ವರದೀಲಿ ಬರೆದಿದೀನಿ. ಕೊಡಿ, ಸಹಿ ಹಾಕ್ತೀನಿ."

"ಓದದೆ ಸಹಿ ಹಾಕೋ ಚಟ ಯಾವಾಗಿಂದ? ಮೊದ್ಲು ಓದು!"

ಕಾರಣಗಳ ಪಟ್ಟಿ ಇತ್ತು. ಕಾಯಿಲೆ, ವರ್ಗಾವಣೆ, ಮನಸ್ತಾಪ. ಕೊರ್ಬಿನಿಯಾನ್ ಗುರುತು ಹಾಕಿದ್ದು ಕೊನೆಯದಕ್ಕೆ: 'ಜೊತೆಗಾರರು ಸಂಗಾತಿ, ಬಂಧು ಅಥವಾ ಆಪ್ತರಾಗಿದ್ದು, ಅವರ ಕೆಲಸವನ್ನು ನಿಷ್ಪಕ್ಷಪಾತವಾಗಿ ಪರೀಕ್ಷಿಸಲು ಸಾಧ್ಯವಿಲ್ಲ.'

ಅದರ ಕೆಳಗೆ 'ಸಂಬಂಧವನ್ನು ವಿವರಿಸಿ' ಎಂಬ ಖಾಲಿ ಗೆರೆ. ಅಲ್ಲಿ ಅವನ ಅಂಕುಡೊಂಕು ಕೈಬರಹ:

'ಸಂಬಂಧವೇನೂ ಇಲ್ಲ. ಒಂದು ಕಡೆಯಿಂದ ಮಾತ್ರ. ನನ್ನ ಕಡೆಯಿಂದ.'

ವೀಬ್ಕೆ ಆ ಗೆರೆಯನ್ನು ಮತ್ತೆ ಓದಿದಳು. ಕ್ಯಾಂಟೀನಿನಲ್ಲಿ ಅವನು ಕೇಳಿದ್ದು ಇದನ್ನಾ? 'ನಿಮ್ಮಿಷ್ಟ' ಅಂದುಬಿಟ್ಟೆನಲ್ಲಾ! ಅಯ್ಯೋ...

"ಅವರೀಗ ಎಲ್ಲಿರ್ತಾರೆ?"

"ಹನ್ನೆರಡೂವರೆ. ಕ್ಯಾಂಟೀನಿಗೆ ಬರೋದನ್ನ ನಿಲ್ಲಿಸಿದಾನೆ. ಹೊಳೆ ಕಡೆ ಹೋಗಿ ನೋಡು," ಎನ್ನುತ್ತಾ ರೋಸ್ವಿತಾ ತನ್ನ ಪೆನ್ನನ್ನೂ ಅವಳ ಕೈಗಿತ್ತಳು.

ಮಂಜಿನಲ್ಲಿ ನದಿ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಅವನು ಒದ್ದೆ ಬೆಂಚಿನ ಮೇಲೆ, ಮಾಂಸದ ಬನ್ನು ತೊಡೆಯ ಮೇಲಿಟ್ಟುಕೊಂಡು, ತಿನ್ನದೆ ಕೂತಿದ್ದ.

"ನಾಲ್ಕನೇದು ಎದ್ದಿತು," ಎಂದಳು ವೀಬ್ಕೆ, ಏದುಸಿರು ಬಿಡುತ್ತಾ.

ಅವನು ಗಡಬಡಿಸಿ ಎದ್ದ. "ಒಳ್ಳೇದಾಯ್ತು. ಹಾರ್ಮ್ಸ್ ಅವರೇ, ಆ ಮೂರು ಬೋರ್ಡು... ಕ್ಷಮಿಸಿ. ತಪ್ಪು ನಂದು."

"ನಿಮ್ಮದಾ? ಹೇಗೆ?"

"ನೀವು ಓದ್ತಿದ್ರಿ. ನಾನು ಪರದೆ ನೋಡ್ಬೇಕಿತ್ತು. ನೋಡ್ತಾನೂ ಇದ್ದೆ. ಆದ್ರೆ ಎಲ್ಲೋ ಮಧ್ಯೆ... ನಿಮ್ಮ ದನಿ ಮಾತ್ರ ಕೇಳಿಸ್ತಿತ್ತು, ಅಕ್ಷರ ಕೇಳಿಸ್ತಿರ್ಲಿಲ್ಲ. ಎಲ್ಲೋ ಒಂದು ಅಕ್ಷರ ಬಿಟ್ಟಿರ್ತೀನಿ. ಅಂಥವನು ನಿಮ್ಮ ಪಕ್ಕ ಕೂರಬಾರ್ದು."

ಆರು ದಿನ! ಆರು ದಿನದಿಂದ ಇವನು ಈ ಭಾರವನ್ನು ಒಬ್ಬನೇ ಹೊತ್ತಿದ್ದಾನೆ. ತಾನು ಅಲ್ಲಿ, ಇವನು ಇಲ್ಲಿ...

"ನೀವು ಒಂದಕ್ಷರಾನೂ ಬಿಟ್ಟಿಲ್ಲ. ಕಾಗದವೇ ತಪ್ಪಿತ್ತು. ನನ್ನ ತಂತ್ರಾಂಶದ ತಪ್ಪು."

ಅವನು ಬೆಂಚಿನ ಬೆನ್ನನ್ನು ಹಿಡಿದುಕೊಂಡ. "ಹಾಗಾದ್ರೆ... ನಾನು ಬಿಡೋ ಅಗತ್ಯಾನೇ ಇರ್ಲಿಲ್ವಾ?"

"ಇತ್ತು." ಅವಳು ಅರ್ಜಿಯನ್ನು ಚಾಚಿದಳು. "ಇದ್ರಲ್ಲೂ ಒಂದು ತಪ್ಪಿತ್ತು. ದಾರೀಲೇ ತಿದ್ದಿದೆ."

'ಒಂದು ಕಡೆಯಿಂದ ಮಾತ್ರ' ಎಂಬುದರ ಮೇಲೆ ಗೆರೆ ಎಳೆದಿತ್ತು. ಪಕ್ಕದಲ್ಲಿ 'ಎರಡೂ ಕಡೆಯಿಂದ' ಎಂದು ಬರೆದು, ತಿದ್ದುಪಡಿಗೆ ನಿಯಮದಂತೆ ತಾರೀಖು ಹಾಕಿ, ಅವಳು ಸಹಿ ಮಾಡಿದ್ದಳು.

ಅವನು ಆ ಸಾಲನ್ನು ಎರಡು ಸಲ ಓದಿದ. ತಲೆಯೆತ್ತಿದಾಗ ಕಣ್ಣು ಒದ್ದೆಯಾಗಿತ್ತು.

"ವೀಬ್ಕೆ..." ಮೊದಲ ಸಲ ಅವಳ ಹೆಸರು. "ಊಟ ಮಾಡಿದ್ಯಾ ನೀನು?"

"ಇಲ್ಲ."

ಅವನು ಬನ್ನನ್ನು ಮುರಿದು ದೊಡ್ಡ ತುಂಡನ್ನು ಅವಳ ಕೈಗಿಟ್ಟ. "ತಣ್ಣಗಾಗಿದೆ."

"ಇರ್ಲಿ," ಎಂದು ಅವಳು ಅವನ ಪಕ್ಕ, ತೋಳಿಗೆ ತೋಳು ತಾಗುವಷ್ಟು ಹತ್ತಿರ ಕೂತಳು. "ನೀನೂ ತಿನ್ನು."