ದೊಡ್ಡಪ್ಪನ ಹೆಸರು ಬಿಟ್ಟವರು ಯಾರು?

ತ್ಯಾಗರಾಜನಗರದ ಮನೆಗೆ ಕಷ್ಟ ಹೊತ್ತು ಬಂದವರಿಗೆಲ್ಲ ವಿಮಲಾ ಮೊದಲು ಕಾಫಿ ಕೊಡುತ್ತಿದ್ದರು, ಆಮೇಲೆ ಪ್ರಶ್ನೆ ಕೇಳುತ್ತಿದ್ದರು. ಆ ಮಂಗಳವಾರ ಬೆಳಿಗ್ಗೆ ಬಂದ ಹುಡುಗಿ ಕಾಫಿ ಲೋಟ ಹಿಡಿದುಕೊಂಡೇ ಅತ್ತುಬಿಟ್ಟಳು. ಅಳುವವರನ್ನು ಕಂಡರೆ ಕೈಕಾಲು ಆಡದ ಕಿಟ್ಟಿ ಸುಮ್ಮನೆ ಬಿಸ್ಕತ್ತಿನ ತಟ್ಟೆಯನ್ನು ಅವಳತ್ತ ತಳ್ಳಿದ.

ಕಿಟ್ಟಿ ವಿಮಲಾ ಅವರ ತಮ್ಮ. ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತನಾದವನು. ಅಕ್ಕ ಟೆಲಿಫೋನ್ ಇಲಾಖೆಯ ಕಂಪ್ಯೂಟರ್ ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಸುತ್ತಮುತ್ತಲಿನ ಅಂಗಡಿ, ಶಾಲೆ, ಕ್ಲಿನಿಕ್ಕುಗಳಲ್ಲಿ ಯಂತ್ರ ಮುಷ್ಕರ ಹೂಡಿದರೆ ಇವರಿಗೇ ಕರೆ ಬರುತ್ತಿತ್ತು. ಅವರ ಚೀಲ ಹೊರುವ ಕೆಲಸ ಕಿಟ್ಟಿಯದು. ಕಂಪ್ಯೂಟರಿನ ಗಂಧಗಾಳಿ ಇಲ್ಲದಿದ್ದರೂ ಅಕ್ಕನ ಬುದ್ಧಿ ಓಡುವುದನ್ನು ನೋಡುವ ಚಪಲ ಅವನಿಗೆ ಬಹಳ.

"ನಾನು ಅಳಿಸಿಲ್ಲ ಆಂಟಿ. ಯಾರೂ ನಂಬ್ತಿಲ್ಲ," ಎಂದಳು ಹುಡುಗಿ. ಹೆಸರು ತೇಜಸ್ವಿನಿ. ಇಟ್ಟಮಡುವಿನಲ್ಲಿ ಚನ್ನಬಸವಯ್ಯನವರ ಮುದ್ರಣಾಲಯದ ಸರ್ವರ್ ನೋಡಿಕೊಳ್ಳುವವಳು. ಅಲ್ಲಿ ಅಚ್ಚಾಗುವುದು ಮುಖ್ಯವಾಗಿ ಲಗ್ನಪತ್ರಿಕೆಗಳು. ಎಲ್ಲ ಗಿರಾಕಿಗಳ ಪತ್ರಿಕೆಗಳೂ ಸರ್ವರ್ ಎಂಬ ಆ ಒಂದು ಯಂತ್ರದಲ್ಲೇ ಇರುತ್ತಿದ್ದವು.

ನಡೆದದ್ದು ಇಷ್ಟು. ಕೆಂಪರಾಜು ಎಂಬ ಗಿರಾಕಿ ಮಗಳ ಮದುವೆಗೆ ಪತ್ರಿಕೆ ಮಾಡಿಸಿದ್ದರು. ಅವರು ಒಪ್ಪಿದ ಕರಡಿನಲ್ಲಿ ತಮ್ಮ ಅಣ್ಣನ, ಅಂದರೆ ಮದುವಣಗಿತ್ತಿಯ ದೊಡ್ಡಪ್ಪನ ಹೆಸರು 'ಸುಖಾಗಮನ ಬಯಸುವವರು' ಎಂಬಲ್ಲಿ ಇತ್ತು. ಅಚ್ಚಾಗಿ ಬಂದ ಪತ್ರಿಕೆಯಲ್ಲಿ ಇರಲಿಲ್ಲ. ದೊಡ್ಡಪ್ಪ ಮದುವೆಗೇ ಕಾಲಿಡುವುದಿಲ್ಲವೆಂದು ಕೂತಿದ್ದಾರೆ. ಸೋಮವಾರ ಬೆಳಿಗ್ಗೆ ಕೆಂಪರಾಜು ಫೋನಿನಲ್ಲಿ ಕೂಗಾಡಿದಾಗ ಯಜಮಾನರಾದ ಚನ್ನಬಸವಯ್ಯ ಎಲ್ಲರೆದುರು ಹೇಳಿದರು: "ಒಪ್ಪಿದ ಮೇಲೆ ಕೈ ಹಾಕಿದೋರು ಯಾರು ಅಂತ ಸಂಜೆ ಸರ್ವರ್ ತೆಗೆದು ನೋಡೋಣ." ಸಂಜೆ ನೋಡಿದರೆ ಆ ಮದುವೆಯ ಕಡತಗಳೇ ಮಾಯ.

"ಅಳಿಸಿದ ಹೊತ್ತು ಸರ್ವರ್‌ನಲ್ಲೇ ದಾಖಲಾಗಿತ್ತು. ಅದನ್ನ ಓದಿ ಹೇಳಿದ್ದೂ ನಾನೇ," ಎಂದಳು ತೇಜಸ್ವಿನಿ. "ಸರಿಯಾಗಿ ಊಟದ ಹೊತ್ತು. ಎಲ್ಲರೂ ಮೇಲೆ ಅಯ್ಯನೋರ ಮನೇಲಿ ಪಂಕ್ತೀಲಿ ಕೂತಿದ್ರು. ಸೋಮವಾರ ನನಗೆ ಉಪವಾಸ. ಕೆಳಗೆ ನಾನೊಬ್ಬಳೇ ಇದ್ದೆ. ಸರ್ವರ್ ಕೋಣೆ ಕೀ ಕಿತ್ಕೊಂಡ್ರು ಆಂಟಿ. ಸರ್ವರ್ ನೋಡ್ಕೊಳ್ಳೋವಳೇ ಅಳಿಸಿದಳು ಅಂತ ಮಾತು ಹಬ್ಬಿದ್ರೆ ಇನ್ನೆಲ್ಲಿ ಕೆಲಸ ಸಿಗತ್ತೆ?"

"ನಕಲು ಇಟ್ಟಿಲ್ವೇನಮ್ಮ?"

ತೇಜಸ್ವಿನಿ ತಲೆ ತಗ್ಗಿಸಿದಳು. ನಕಲು ದಿನವೂ ತಾನಾಗಿ ಇಂಟರ್‌ನೆಟ್ ಮೂಲಕ ಹೊರಗಿನ ಒಂದು ಕಡೆಗೆ ಹೋಗುತ್ತಿತ್ತು. ವಾರದಿಂದ ಆ ಕಡೆಯವರು ಬಾಗಿಲು ತೆಗೆಯುತ್ತಿಲ್ಲ. ಸಾಲದ್ದಕ್ಕೆ, ಸರ್ವರ್ ಒಳಗೆ ಹೋಗಲು ಪ್ರತಿಯೊಬ್ಬರ ಫೋನಿನಲ್ಲಿ ಬರುವ ಆರಂಕಿಯ ಕೋಡನ್ನೂ ಅದು ಒಪ್ಪುತ್ತಿಲ್ಲ. ಕೆಲಸ ನಿಲ್ಲಬಾರದೆಂದು ತಾತ್ಕಾಲಿಕವಾಗಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಟ್ಟಿದ್ದಳು. ಆದ್ದರಿಂದ ಅಳಿಸಿದ ಹೊತ್ತು ಸಿಕ್ಕಿತೇ ಹೊರತು ಹೆಸರು ಸಿಗಲಿಲ್ಲ.

"ಎರಡೂ ಒಂದೇ ದಿನ ಕೆಟ್ಟಿತಾ?" ವಿಮಲಾ ಲೋಟ ಕೆಳಗಿಟ್ಟರು.

"ಹೌದು. ಕರೆಂಟು ಹೋಗಿ ಬಂತಲ್ಲ, ಅವತ್ತಿಂದ. ಇಂಟರ್‌ನೆಟ್ ಪೆಟ್ಟಿಗೆ ಸುಟ್ಟು ಹೊಸದು ಹಾಕಿದ್ರು. ಫೋನ್ ಎಲ್ಲಾ ಬಿಚ್ಚಿ ನೋಡಿದೆ, ಏನೂ ತಿಳೀಲಿಲ್ಲ."

"ಕಿಟ್ಟಿ, ಚಪ್ಪಲಿ ಹಾಕ್ಕೋ," ಎಂದರು ವಿಮಲಾ.

ಮುದ್ರಣಾಲಯದ ಒಳಗೆ ಕಾಲಿಟ್ಟವನೇ ಕಿಟ್ಟಿ ಗೋಡೆಯ ಗಡಿಯಾರ ನೋಡಿ ಗಾಬರಿಯಾದ. ಊಟಕ್ಕೆ ಮುಂಚೆ ನುಂಗಬೇಕಾದ ಸಕ್ಕರೆ ಕಾಯಿಲೆಯ ಮಾತ್ರೆಯ ಹೊತ್ತು ಮೀರಿಹೋಗಿತ್ತು. ಜೇಬು ತಡಕುತ್ತಿದ್ದವನನ್ನು ಕಂಡು ಅಚ್ಚಿನ ಯಂತ್ರ ನಡೆಸುವ ಹನುಮಯ್ಯ ನಕ್ಕ.

"ನಿಧಾನ ಸಾರ್. ಅದು ಇಪ್ಪತ್ತು ನಿಮಿಷ ಮುಂದೈತೆ. ಅಯ್ಯನೋರ ತಂದೆ ಕಾಲದಿಂದ್ಲೂ ಹಂಗೇ. ಹಂಗಿಟ್ರೆ ಯಾರೂ ಲೇಟಾಗಿ ಬರಲ್ಲ ಅಂತ. ನಾವೆಲ್ಲ ಕಳೆದು ನೋಡ್ಕೋತೀವಿ."

ಕಿಟ್ಟಿಗೆ ನಾಚಿಕೆಯಾಯಿತು. ಅಕ್ಕನೂ ಅವನೂ ಇದ್ದ ಮನೆಯ ಅಡುಗೆಕೋಣೆಯ ಗಡಿಯಾರವೂ ಹತ್ತು ನಿಮಿಷ ಮುಂದಿತ್ತು. ಅದನ್ನು ಮುಂದಿಟ್ಟವನೂ ಅವನೇ.

ಚನ್ನಬಸವಯ್ಯ ಹಣೆಯ ತುಂಬ ವಿಭೂತಿ ಧರಿಸಿದ, ಮಾತು ಖಡಾಖಂಡಿತವಾದ ಹಿರಿಯರು. "ನೀವು ದೊಡ್ಡೋರು, ಬಂದಿದ್ದೀರಿ, ನೋಡಿ. ಆದ್ರೆ ಯಂತ್ರ ಸುಳ್ಳು ಹೇಳಲ್ಲ ಮೇಡಂ," ಎಂದರು. ಪಕ್ಕದಲ್ಲಿ ನಿಂತಿದ್ದ ಶಶಿಕಾಂತ್, ಪತ್ರಿಕೆಗಳ ಪುಟ ಕೂರಿಸುವವನು, ಹೌದೆನ್ನುವಂತೆ ತಲೆಯಾಡಿಸಿದ.

ವಿಮಲಾ ಸರ್ವರ್ ಕೋಣೆಗೆ ಹೋಗಿ ಪರದೆ ಹೊತ್ತಿಸಿದರು. ಕೀಲಿಮಣೆ ಮುಟ್ಟಲಿಲ್ಲ. ತಮ್ಮ ಫೋನನ್ನು ಪರದೆಯ ಪಕ್ಕ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಯಾರದೋ ಮೆಸೇಜು ಬಂದಿರಬೇಕು ಎಂದುಕೊಂಡ ಕಿಟ್ಟಿ. ಆಮೇಲೆ ಅವರು ನೇರವಾಗಿ ಮಹಡಿ ಹತ್ತಿ ಅಡುಗೆಮನೆಗೆ ಹೋಗಿಬಿಟ್ಟರು. ಸರ್ವರ್ ರಿಪೇರಿಗೆ ಬಂದವರು ಸಾರಿನ ಪಾತ್ರೆಯ ಮುಂದೆ ನಿಂತದ್ದು ನೋಡಿ ಕಿಟ್ಟಿಯ ಕುತೂಹಲ ತಡೆಯಲಾರದಷ್ಟಾಯಿತು. ಹಿಂದೆಯೇ ಹತ್ತಿದ.

ಯಜಮಾನರ ಹೆಂಡತಿ ಜಯಶೀಲಾ ರೊಟ್ಟಿ ತಟ್ಟುತ್ತಿದ್ದರು.

"ಊಟಕ್ಕೆ ಎಲ್ಲರನ್ನೂ ಯಾವಾಗ ಕೂರಿಸ್ತೀರಮ್ಮ?" ವಿಮಲಾ ಕೇಳಿದರು.

"ರೇಡಿಯೊದಲ್ಲಿ ಮಧ್ಯಾಹ್ನದ ವಾರ್ತೆ ಶುರುವಾದ ತಕ್ಷಣ. ವಾರ್ತೆ ಕೇಳ್ತಾ ಊಟ ಮಾಡೋದು ನಮ್ಮ ಯಜಮಾನ್ರ ಅಭ್ಯಾಸ. ಕೂತ ಮೇಲೆ ಪಂಕ್ತಿ ಮುಗಿಯೋವರ್ಗೂ ಯಾರೂ ಏಳಂಗಿಲ್ಲ."

"ನಿನ್ನೆ ಯಾರ ಪಕ್ಕ ಯಾರು ಕೂತಿದ್ರು?"

ಇದೆಂಥ ಪ್ರಶ್ನೆ ಎಂದು ಕಿಟ್ಟಿ ಅಕ್ಕನ ಮುಖ ನೋಡಿದ. ಜಯಶೀಲಾ ಮಾತ್ರ ಸಲೀಸಾಗಿ ಹೇಳಿದರು. ಫ್ಯಾನಿನ ಕೆಳಗೆ ಯಜಮಾನರು, ಅವರು ಪೂಜೆ ಮುಗಿಸಿ ಅಲ್ಲೇ ಕೂತಿದ್ದವರು. ಪಕ್ಕದಲ್ಲಿ ಹನುಮಯ್ಯ, ಚಾಪೆ ಹಾಸಿದವನೇ ಅವನು. ಕೊನೆಯಲ್ಲಿ, ಗಾಳಿ ತಾಗದ ಮೆಟ್ಟಿಲ ಬಳಿ ಶಶಿಕಾಂತ್.

"ಯಾವಾಗ್ಲೂ ಫ್ಯಾನ್ ಕೆಳಗೇ ಬೇಕು ಅಂತಾನೆ. ನಿನ್ನೆ ವಾರ್ತೆ ಶುರುವಾದ ಮೇಲೆ ಬಂದ, ಸಿಕ್ಕಿದ ಜಾಗದಲ್ಲಿ ಕೂತ."

"ತೇಜಸ್ವಿನಿ?"

"ವಾರ್ತೆ ಶುರುವಾಗೋವರ್ಗೂ ಇಲ್ಲೇ ನನ್ನ ಜೊತೆ ಕೋಸಂಬರಿಗೆ ಸೌತೆಕಾಯಿ ಹೆಚ್ತಿದ್ಲು ಪಾಪ, ತಾನು ತಿನ್ನದೇ ಇದ್ರೂ. ಆಮೇಲೆ ಕೆಳಗೆ ಹೋದ್ಲು."

ವಿಮಲಾ ಒಂದು ಹೋಳು ಸೌತೆಕಾಯಿ ಬಾಯಿಗೆ ಹಾಕಿಕೊಂಡು, "ಎಲ್ಲರನ್ನೂ ಹಾಲ್‌ನಲ್ಲಿ ಸೇರಿಸು ಕಿಟ್ಟಿ," ಎಂದರು.

ಎಲ್ಲರೂ ಗೋಡೆಯ ಗಡಿಯಾರದ ಕೆಳಗೆ ಸೇರಿದರು. ತೇಜಸ್ವಿನಿ ಬಾಗಿಲ ಬಳಿಯೇ ನಿಂತಳು, ಇನ್ನೇನು ಹೊರಗೆ ಕಳಿಸುತ್ತಾರೆ ಎನ್ನುವಂತೆ.

"ಅಯ್ಯನೋರೇ, ಈಗ ಗಂಟೆ ಎಷ್ಟು?" ಎಂದರು ವಿಮಲಾ.

ಚನ್ನಬಸವಯ್ಯ ಗೋಡೆ ನೋಡಿ, ಮನಸ್ಸಿನಲ್ಲೇ ಕಳೆದು ಹೇಳಿದರು. ಕಿಟ್ಟಿ ತನ್ನ ಕೈಗಡಿಯಾರ ನೋಡಿಕೊಂಡ. ಸರಿಯಾಗಿತ್ತು.

"ಹನುಮಯ್ಯ, ಸರ್ವರ್ ಪರದೆ ಮೇಲೆ ಎಷ್ಟಿದೆ ನೋಡಿ ಬನ್ನಿ."

ಹನುಮಯ್ಯ ಹೋಗಿ ಬಂದ. ಅವನ ಮುಖದ ನಗೆ ಹೊರಟುಹೋಗಿತ್ತು. "ಗೋಡೇಲಿರೋದೇ ಅದರಲ್ಲೂ ಐತೆ ಮೇಡಂ. ಇಪ್ಪತ್ತು ನಿಮಿಷ ಮುಂದೆ."

ಚನ್ನಬಸವಯ್ಯ ಮತ್ತೊಮ್ಮೆ ಗೋಡೆಯತ್ತ ನೋಡಿದರು.

"ಎರಡು ರೋಗ ಒಂದೇ ದಿನ ಶುರುವಾದ್ರೆ ನಾನು ಒಂದೇ ಕಾರಣ ಹುಡುಕ್ತೀನಿ," ಎಂದರು ವಿಮಲಾ. "ಕೋಡ್ ವಿಷಯಾನೇ ತಗೊಳ್ಳಿ. ಫೋನು, ಸರ್ವರ್ರು ಪರಸ್ಪರ ಮಾತಾಡ್ಕೊಳ್ಳಲ್ಲ. ಎರಡೂ ತಮ್ಮ ತಮ್ಮ ಗಡಿಯಾರ ನೋಡಿ ಅದೇ ಲೆಕ್ಕ ಹಾಕ್ತವೆ. ಗಡಿಯಾರ ಬೇರೆಯಾದ್ರೆ ಕೋಡ್ ಬೇರೆ. ನಕಲು ಇಟ್ಕೊಳ್ಳೋ ಕಡೆಯೋರೂ ಅಷ್ಟೇ, ಹೊತ್ತು ತುಂಬ ತಪ್ಪಿದ್ರೆ ಕಳ್ಳ ಇರ್ಬೇಕು ಅಂತ ಬಾಗಿಲು ಹಾಕ್ತಾರೆ. ತೇಜಸ್ವಿನಿ, ನೀನು ಫೋನ್ ಎಲ್ಲ ನೋಡಿದೆ. ಸರ್ವರ್ ಗಡಿಯಾರ ಒಂದನ್ನ ನೋಡ್ಲಿಲ್ಲ."

"ಅದು ಇಂಟರ್‌ನೆಟ್ಟಿಂದ ತಾನೇ ಸರಿಮಾಡ್ಕೊಳ್ಳತ್ತಲ್ಲ ಆಂಟಿ..." ತೇಜಸ್ವಿನಿ ಅಲ್ಲಿಗೇ ನಿಲ್ಲಿಸಿದಳು. "ಹೊಸ ಪೆಟ್ಟಿಗೆ ಅದನ್ನ ತಡೆದಿರ್ಬೇಕು!"

"ಹೂಂ. ಆದ್ರೆ ತಡೆದ ಮಾತ್ರಕ್ಕೆ ಇಪ್ಪತ್ತು ನಿಮಿಷ ಓಡಲ್ಲ. ಯಾರೋ ಕೈಯಾರೆ ತಿರುಗಿಸಿದ್ದಾರೆ. ಕರೆಂಟ್ ಬಂದ ದಿನ ಅದನ್ನ ಮುಟ್ಟಿದೋರು ಯಾರು?"

ಚನ್ನಬಸವಯ್ಯ ಕೆಮ್ಮಿದರು. ಅವರ ಖಡಾಖಂಡಿತ ದನಿ ಎಲ್ಲೋ ಅಡಗಿತ್ತು. "ಕರೆಂಟ್ ಬಂದ ಮೇಲೆ ನೋಡಿದೆ. ಗೋಡೆ ಗಡಿಯಾರಕ್ಕೂ ಅದಕ್ಕೂ ತಾಳೆ ಆಗ್ಲಿಲ್ಲ. ನಮ್ಮ ಮನೇಲಿ ಎಲ್ಲ ಗಡಿಯಾರಾನೂ ಒಂದೇ ಥರ ಇರ್ಬೇಕಲ್ವೆ ಅಂತ... ನಾನೇ ಸರಿ ಮಾಡಿದೆ."

"ಗೋಡೇಲಿ ನೋಡಿದಾಗ ಎಲ್ಲರೂ ಇಪ್ಪತ್ತು ನಿಮಿಷ ಕಳೀತೀರಿ. ಸರ್ವರ್‌ನಲ್ಲಿ ನೋಡಿದಾಗ ಯಾರೂ ಕಳೀಲಿಲ್ಲ. ಈಗ ಕಳೀರಿ. ಪಂಕ್ತಿ ಕೂತಿದ್ದ ಹೊತ್ತಲ್ಲ, ಕೂರೋಕೆ ಮುಂಚಿನ ಹೊತ್ತು ಬರತ್ತೆ. ರೇಡಿಯೊದೋರು ನಿಮ್ಮ ಗಡಿಯಾರ ನೋಡಿ ವಾರ್ತೆ ಓದಲ್ಲ ನೋಡಿ, ಹಾಗಾಗಿ ಅದನ್ನ ನಂಬಬಹುದು. ವಾರ್ತೆಗೆ ಮುಂಚೆ ಅಯ್ಯನೋರು ಪೂಜೇಲಿದ್ರು, ಹನುಮಯ್ಯ ಚಾಪೆ ಹಾಸ್ತಿದ್ರು, ಈ ಹುಡುಗಿ ಜಯಶೀಲಮ್ಮನ ಕಣ್ಣೆದುರಿಗೇ ಸೌತೆಕಾಯಿ ಹೆಚ್ತಿದ್ಲು. ಕೆಳಗಿದ್ದೋರು, ವಾರ್ತೆ ಶುರುವಾದ ಮೇಲೆ ಬಂದು ಗಾಳಿಯಿಲ್ಲದ ಜಾಗದಲ್ಲಿ ಕೂತೋರು ಒಬ್ಬರೇ."

ಶಶಿಕಾಂತ್ ಅಲ್ಲಿದ್ದ ಕಾಗದದ ಕಟ್ಟಿನ ಮೇಲೆ ಕುಸಿದು ಕೂತ.

"ಹೆಸರುಗಳು ಪುಟದಲ್ಲಿ ಹಿಡೀತಿರ್ಲಿಲ್ಲ ಮೇಡಂ," ಎಂದ. "ಒಂದು ಸಾಲು ಕಡಿಮೆ ಮಾಡಿದ್ರೆ ಗಣಪತಿ ಚಿತ್ರ ಚೆನ್ನಾಗಿ ಕೂರತ್ತೆ ಅಂತ ತೆಗೆದೆ. ಅದು ದೊಡ್ಡಪ್ಪ ಅಂತ ನೋಡ್ಲೇ ಇಲ್ಲ. ಸರ್ವರ್ ತೆಗೆದು ನೋಡ್ತೀವಿ ಅಂದಾಗ ಹೆದರಿ ಅಳಿಸ್ಬಿಟ್ಟೆ. ಇವಳ ಮೇಲೆ ಬರತ್ತೆ ಅಂತ ಗೊತ್ತಿರ್ಲಿಲ್ಲ."

"ಬಂದ ಮೇಲೆ ಗೊತ್ತಾಯ್ತಲ್ಲ?" ವಿಮಲಾ ಅವರ ದನಿ ಮೊದಲ ಸಲ ಗಡುಸಾಯಿತು. "ತಪ್ಪಿಸ್ಕೊಳ್ಳೋ ದಾರಿ ನೀವು ಹುಡುಕಿದ್ದಲ್ಲ, ಗಡಿಯಾರ ಕೊಟ್ಟಿದ್ದು. ಆದ್ರೆ ಬಾಯಿ ಮುಚ್ಕೊಂಡಿದ್ದು ನೀವೇ."

ಶಶಿಕಾಂತ್ ಎದ್ದು ನಿಂತ. ತೇಜಸ್ವಿನಿಯತ್ತ ಕೈ ಮುಗಿದ. ಅವಳು ಮುಖ ತಿರುಗಿಸಿದಳು, ಅದು ಸರಿಯೇ ಎನಿಸಿತು ಕಿಟ್ಟಿಗೆ.

ಚನ್ನಬಸವಯ್ಯ ಎದ್ದು, ಜೇಬಿನಿಂದ ಸರ್ವರ್ ಕೋಣೆಯ ಬೀಗದ ಕೈ ತೆಗೆದು, ಬಾಗಿಲ ಬಳಿಗೆ ತಾವೇ ನಡೆದುಹೋದರು. "ತಪ್ಪಾಯ್ತು ತಾಯಿ. ಮುಳ್ಳು ತಿರುಗಿಸಿದ್ದು ನಾನು, ಕಳ್ಳಿ ಅನ್ನಿಸ್ಕೊಂಡಿದ್ದು ನೀನು," ಎಂದರು. ಅವರ ಕಣ್ಣು ತೇವವಾಗಿತ್ತು. ಕೀ ಕೈಗೆ ಬಂದದ್ದೇ ತೇಜಸ್ವಿನಿ ಯಾರ ಮಾತಿಗೂ ಕಾಯದೆ ಒಳಗೋಡಿದಳು. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದಲೇ ಕೂಗಿದಳು: "ಆಂಟಿ, ಗಡಿಯಾರ ಸರಿ ಮಾಡಿದೆ, ಕೋಡ್ ತಗೊಳ್ತು!"

ಕೆಂಪರಾಜು ಬಳಿಯಿದ್ದ ಕರಡು ತರಿಸಿ, ಪುಟ ಮತ್ತೆ ಕೂರಿಸಿ, ಅವತ್ತೇ ಪತ್ರಿಕೆ ಹೊಸದಾಗಿ ಅಚ್ಚಿಗೆ ಹೋಯಿತು. ಶಶಿಕಾಂತನನ್ನು ಜೊತೆಗೆ ಕರೆದುಕೊಂಡು ಯಜಮಾನರೇ ದೊಡ್ಡಪ್ಪನ ಮನೆಗೆ ಹೋಗಿ ಕ್ಷಮೆ ಕೇಳಿದರು. ದೊಡ್ಡಪ್ಪ ಪತ್ರಿಕೆಯಲ್ಲಿ ತಮ್ಮ ಹೆಸರನ್ನು ಬೆರಳಿಟ್ಟು ಓದಿ, ಗಣಪತಿಯ ಚಿತ್ರ ಸ್ವಲ್ಪ ಚಿಕ್ಕದಾಯಿತು ಎಂದರಂತೆ. ಆದರೆ ಮದುವೆಗೆ ಬರಲು ಒಪ್ಪಿದರು.

ಮರುದಿನ ಬೆಳಿಗ್ಗೆ ತೇಜಸ್ವಿನಿಯ ಫೋನ್ ಬಂತು. ವಿಮಲಾ ಕಿಟ್ಟಿಗೂ ಕೇಳಲೆಂದು ಸ್ಪೀಕರ್ ಹಾಕಿದರು.

"ಆಂಟಿ, ನಿನ್ನೆ ಅಯ್ಯನೋರು ಸ್ಟೂಲ್ ಹತ್ತಿ ಮೇಲೆ, ಕೆಳಗೆ ಎರಡೂ ಕಡೆ ಗೋಡೆ ಗಡಿಯಾರಾನೂ ಸರಿ ಮಾಡ್ಬಿಟ್ರು," ಎಂದಳು ನಗು ತಡೆಯುತ್ತ. "ಇವತ್ತು ಎಲ್ಲರೂ ಅಭ್ಯಾಸ ಬಲದಿಂದ ಕಳೆದು ನೋಡ್ಕೊಂಡು ಒಂದೊಂದು ಕೆಲಸಾನೂ ಇಪ್ಪತ್ತು ನಿಮಿಷ ತಡ. ಮೇಲೆ ಟೀಗೆ ಹೋದೋರು, ಅಯ್ಯನೋರೂ ಸೇರಿ, ಯಾರೂ ಕೆಳಗಿಳಿದು ಬಂದಿಲ್ಲ ಇನ್ನೂ. ಆಫೀಸಲ್ಲಿ ನಾನೊಬ್ಬಳೇ ಇದ್ದೀನಿ!"

"ಒಬ್ಬಳೇ ಇದ್ರೆ ಹುಷಾರಮ್ಮ, ಏನೂ ಅಳಿಸ್ಬೇಡ," ಎಂದ ಕಿಟ್ಟಿ. ಆ ಕಡೆ ತೇಜಸ್ವಿನಿ ಮನಸಾರೆ ನಕ್ಕಳು. ಕಿಟ್ಟಿ ಎದ್ದು ಅಡುಗೆಕೋಣೆಗೆ ಹೋಗಿ ಗಡಿಯಾರಕ್ಕೆ ಕೈ ಹಾಕಿದ. ಸ್ವಲ್ಪ ಯೋಚಿಸಿ, ಹಾಗೇ ಬಿಟ್ಟು ಬಂದ.