ಹೊಸ ಕ್ಯಾಮಿನ ಇಪ್ಪತ್ತು ನಿಮಿಷ

ಅಂಗಳಕ್ಕೆ ತಿರುಗಿದ ಬಿಳಿ ಪಿಕಪ್ಪನ್ನು ನೋಡಿದ್ದೇ ತಡ, ಬರ್ನಿ ಹುಬ್ಬು ಗಂಟಿಕ್ಕಿದಳು. ಆ ಗಾಡಿಯ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಒಂದು ಚಳಿಗಾಲವಿಡೀ, ಪ್ರತಿ ಭಾನುವಾರ, ಆ ಸದ್ದಿಗೆ ಕಿವಿ ನಿಮಿರಿಸಿ ಕಾದವಳು ಅವಳೇ. ಆಮೇಲಿನ ಒಂದು ವರ್ಷ ಅದು ಬೀದಿಯಲ್ಲಿ ಹಾದುಹೋದರೆ ಸಾಕು, ದಡಾರನೆ ಕಿಟಕಿ ಮುಚ್ಚಿದವಳೂ ಅವಳೇ.

"ಅಪ್ಪಾ, ಕಾರ್ ನೋಡೋಕೆ ಸ್ಟೀವ್ ಬರ್ತಾನೆ ಅಂದಿದ್ದೆ ಅಲ್ವಾ?"

ಗ್ಯಾರೇಜಿನ ಬಾಗಿಲಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ ಅಪ್ಪ ಆಕಾಶ ನೋಡಿದ. "ಸ್ಟೀವ್‌ಗೆ ಬೆನ್ನುನೋವಂತೆ."

"ಅದಕ್ಕೆ ಇವನನ್ನ ಕರೆದ್ಯಾ?"

"ಈ ಬೇ ಸಿಟಿ ಊರಲ್ಲಿ ಹಳೇ ಎಂಟು ಸಿಲಿಂಡರ್ ಎಂಜಿನ್ನಿನ ನಾಡಿ ಬಲ್ಲವನು ಇನ್ನೊಬ್ಬ ಇದ್ರೆ ಹೇಳು. ಅವನನ್ನೇ ಕರೀತೀನಿ."

ಇನ್ನೊಬ್ಬನಿರಲಿಲ್ಲ. ಅದು ಅಪ್ಪನಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು.

ವೆಂಡೆಲ್ ಇಳಿದ. ಎಂಜಿನ್ ಕೊರೆದು ಸರಿಮಾಡುವ ಅಂಗಡಿಯಲ್ಲಿ ಕೆಲಸ. ನಲವತ್ತು ಸಮೀಪಿಸಿದ ವಯಸ್ಸು, ಉದ್ದನೆಯ ಆಳು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಅದನ್ನು ಏನು ಮಾಡಬೇಕೆಂದು ತಿಳಿಯದೆ ಮತ್ತೆ ತಲೆಗೇ ಹಾಕಿಕೊಂಡ. ಬರ್ನಿಗೆ ನಗು ಬರಬೇಕಿತ್ತು. ಬರಗೊಡಲಿಲ್ಲ.

"ಹೇಗಿದ್ದೀಯಾ?"

"ಕಾರ್ ಹೇಗಿದೆ ಅಂತ ಕೇಳು. ಅದಕ್ಕೇ ತಾನೇ ಬಂದಿರೋದು."

ಕಾರು ಚೆನ್ನಾಗಿಯೇ ಇತ್ತು. ಎಪ್ಪತ್ತರ ಮಾಡೆಲ್, ಎರಡು ಬಾಗಿಲು, ಗಾಢ ಹಸಿರು. ಅಪ್ಪ ಇಪ್ಪತ್ತನಾಲ್ಕರ ಹರೆಯದಲ್ಲಿ ಹೊಚ್ಚಹೊಸದಾಗಿ ಕೊಂಡು ತಂದದ್ದು. ವಾರವಿಡೀ ಸ್ಕೂಲ್ ಬಸ್ ಓಡಿಸಿ, ರಜೆಯಲ್ಲಿ ಈ ಗ್ಯಾರೇಜಿನಲ್ಲಿ ಬೆನ್ನು ಬಗ್ಗಿಸಿ ಬರ್ನಿ ಅದರ ಬ್ರೇಕು ಬದಲಿಸಿದ್ದಳು, ದೊಡ್ಡ ಕಾರ್ಬ್ಯುರೇಟರ್ ಕೂರಿಸಿದ್ದಳು, ಹೊಗೆ ಹೋಗುವ ಪೈಪುಗಳನ್ನು ತಾನೇ ಬೆಸುಗೆ ಹಾಕಿದ್ದಳು. ಎಂಜಿನ್ನಿನ ಎದೆಯೊಳಗೆ ಹೊಸ ಕ್ಯಾಮ್ ಮಲಗಿಸಿದ್ದಳು.

ಈ ಕ್ಯಾಮ್ ಎಂಬ ಉಬ್ಬುತಗ್ಗಿನ ಉಕ್ಕಿನ ದಂಡ ಬಲು ಹಟಮಾರಿ. ಹೊಸದು ಹಾಕಿ ಮೊದಲ ಸಲ ಸ್ಟಾರ್ಟ್ ಮಾಡಿದರೆ ಇಪ್ಪತ್ತು ನಿಮಿಷ ಎಂಜಿನ್ ಜೋರಾಗಿ ಓಡುತ್ತಲೇ ಇರಬೇಕು. ನಿಧಾನ ಮಾಡಕೂಡದು, ನಿಲ್ಲಿಸಕೂಡದು. ಉಬ್ಬುಗಳು ಹದಕ್ಕೆ ಬರುವ ಮೊದಲೇ ನಿಲ್ಲಿಸಿದರೆ ಅವು ಸವೆದು, ಉಕ್ಕಿನ ಪುಡಿ ಎಣ್ಣೆಗೆ ಬೆರೆತು, ಎಂಜಿನ್ನಿನ ಮೂಲೆಮೂಲೆಗೂ ಹೋಗಿ ಎಲ್ಲವನ್ನೂ ಕೆರೆದು ಹಾಕುತ್ತದೆ.

ಹೋದ ವರ್ಷ ಆದದ್ದು ಅದೇ. ಇದೇ ಅಂಗಳ, ಬೀದಿಯ ಜನವೆಲ್ಲ ಕುರ್ಚಿ ಹಿಡಿದುಕೊಂಡು ಬಂದು ಕೂತಿದ್ದರು. ಎರಡನೇ ನಿಮಿಷಕ್ಕೆ ವೆಂಡೆಲ್ ಕೈ ಚಾಚಿ ಕೀ ತಿರುಗಿಸಿಬಿಟ್ಟಿದ್ದ. ಯಾಕೆ ಎಂದರೆ, ಪೈಪಿನ ಹೊಸ ಬಣ್ಣ ಸುಟ್ಟು ಹೊಗೆ ಬಂತು, ಹೆದರಿಬಿಟ್ಟೆ ಎಂದಿದ್ದ. ಹೊಸ ಬಣ್ಣ ಸುಟ್ಟರೆ ಹೊಗೆ ಬರುತ್ತದೆಂದು ಆ ಬೀದಿಯ ನಾಯಿಗೂ ಗೊತ್ತು! ಬರ್ನಿ ಅಷ್ಟು ಜನರೆದುರು ಅವನನ್ನು ಹೇಡಿ ಎಂದಳು. ಇನ್ನೂ ಏನೇನೋ ಅಂದಳು. ಅವನು ಒಂದಕ್ಕೂ ಎದುರಾಡಲಿಲ್ಲ. ಅದು ಅವಳ ಸಿಟ್ಟನ್ನು ಇಮ್ಮಡಿ ಮಾಡಿತ್ತು.

ಎಂಜಿನ್ ಪೂರ್ತಿ ಬಿಚ್ಚಿ ಮತ್ತೆ ಕಟ್ಟಲು ಒಂದು ವರ್ಷ ಹಿಡಿಯಿತು. ಇನ್ನೊಮ್ಮೆ ಕೊರೆಸಲು ಅದರ ಸಿಲಿಂಡರ್ ಗೋಡೆಗಳಲ್ಲಿ ಲೋಹ ಉಳಿದಿಲ್ಲ. ಈ ಸಲವೂ ಕೆಟ್ಟರೆ ಮುಗಿಯಿತು. ಎಪ್ಪತ್ತೆಂಟರ ಅಪ್ಪ ತನ್ನ ಕಾರಿನ ದನಿಯನ್ನು ಇನ್ನು ಕೇಳುವುದಿಲ್ಲ.

"ಕೀ ಕಡೆ ನಾನಿರ್ತೀನಿ," ಎಂದಳು ಬರ್ನಿ. "ನೀನು ಆ ಕಡೆ ಬಲಕ್ಕೆ ನಿಂತ್ಕೋ. ಸೋರಿಕೆ ನೋಡೋದು ಅಷ್ಟೇ ನಿನ್ನ ಕೆಲಸ. ಕೈ ಹಚ್ಚಬೇಡ."

"ಯಾವುದಕ್ಕೂ?"

"ಯಾವುದಕ್ಕೂ."

ಅವನು ಬಾನೆಟ್ಟಿನ ಕೆಳಗೆ ಬಗ್ಗಿದ. ಕಾರ್ಬ್ಯುರೇಟರಿಗೆ ಪೆಟ್ರೋಲ್ ತರುವ ಪೈಪಿನತ್ತ ಅವನ ಕೈ ತಾನಾಗಿಯೇ ಹೋಯಿತು. "ಈ ನಟ್ ಒಂದ್ಸಲ ನೋಡ್ಲಾ?"

"ಈಗ ತಾನೇ ಏನಂದೆ? ಅದನ್ನ ಅಪ್ಪ ಬಿಗಿ ಮಾಡಿದಾನೆ. ಮೂವತ್ನಾಲ್ಕು ವರ್ಷ ಕಾರ್ ಫ್ಯಾಕ್ಟರಿಯ ಲೈನ್ ಮೇಲೆ ನಟ್ ಬಿಗಿ ಮಾಡಿದ ಕೈ ಅದು. ನೀನು ತಿದ್ದೋದು ಬೇಡ."

ವೆಂಡೆಲ್ ಮುದುಕನತ್ತ ನೋಡಿದ. ಮುದುಕ ತನ್ನ ಕೈಗಳೆರಡನ್ನೂ ತೊಡೆಗಳ ನಡುವೆ ಸಿಗಿಸಿಕೊಂಡು ಕೂತಿದ್ದ. ನಡುಕದ ಕಾಯಿಲೆ ಬಂದ ಮೇಲೆ ಅವನು ಹಾಗೆಯೇ ಕೂರುವುದು. ವೆಂಡೆಲ್ ಪೈಪಿನತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದ. ತನ್ನ ಪಿಕಪ್ಪಿನಿಂದ ಬೆಂಕಿ ಆರಿಸುವ ಸಿಲಿಂಡರ್ ತಂದು ಕಾಲಬುಡದಲ್ಲಿ ಇಟ್ಟುಕೊಂಡ. ಒಂದು ಬಟ್ಟೆಯನ್ನು ನೀರಿಗದ್ದಿ ಭುಜಕ್ಕೆ ಹಾಕಿಕೊಂಡ.

"ಮೊದಲೇ ಹೆದರಿಕೆ ಶುರುವಾಯ್ತಾ?" ಎಂದಳು ಬರ್ನಿ.

"ಆಯ್ತು," ಎಂದ ಅವನು ಸಲೀಸಾಗಿ. ಚುಚ್ಚಿದ್ದು ನಾಟಲಿಲ್ಲವಲ್ಲ ಎಂದು ಅವಳಿಗೆ ಮೈ ಉರಿಯಿತು.

ಪಕ್ಕದ ಮನೆಯ ಡೊಲೊರೆಸ್ ಮುದುಕಿ ಆಲೂಗಡ್ಡೆ ಸಲಾಡಿನ ಬೋಗುಣಿ, ಅಡುಗೆಮನೆಯ ಟೈಮರ್ ಎರಡನ್ನೂ ಹಿಡಿದುಕೊಂಡು ಬೇಲಿ ದಾಟಿ ಬಂದಳು. ಹೋದ ವರ್ಷದ ಗಲಾಟೆ ನೋಡಿದ ಮೇಲೆ ಬೀದಿಯಲ್ಲಿ ಬೇರೆ ಯಾರಿಗೂ ಬರುವ ಧೈರ್ಯವಾಗಿರಲಿಲ್ಲ.

"ಜಗಳ ಶುರುವಾಯ್ತಾ, ಎಂಜಿನ್ ಶುರುವಾಯ್ತಾ?" ಎಂದಳು.

"ಎರಡೂ ಇಲ್ಲ. ಕೂತ್ಕೋ," ಎಂದ ಅಪ್ಪ.

ಬರ್ನಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸಿದಳು.

ಒಂದೇ ಸುತ್ತಿಗೆ ಎಂಜಿನ್ ಶುರುವಾಯಿತು. ಸೈಲೆನ್ಸರ್ ಇನ್ನೂ ಹಾಕಿರಲಿಲ್ಲ. ಗುಡುಗು ನೆಲಕ್ಕೆ ಬಿದ್ದು ಅಲ್ಲೇ ಉಳಿದಂತಾಯಿತು. ಬೋಗುಣಿಯಲ್ಲಿ ಚಮಚ ಕುಣಿಯಿತು. ಅಪ್ಪ ಕಣ್ಣು ಮುಚ್ಚಿಕೊಂಡ. ಬರ್ನಿ ಓಡಿಬಂದು ಎಡಬದಿಯಿಂದ ಬಗ್ಗಿ, ಎಂಜಿನ್ನಿನ ವೇಗ ಏರಿಸುವ ಕಡ್ಡಿಯನ್ನು ಬೆರಳಲ್ಲಿ ಹಿಡಿದಳು. ಎಣ್ಣೆಯ ಒತ್ತಡದ ಮುಳ್ಳು ಮೇಲೇರಿತು.

ಡೊಲೊರೆಸ್ ಒಂದು ಬೆರಳು ಎತ್ತಿ ತೋರಿಸಿದಳು. ಆಮೇಲೆ ಎರಡು.

ಮೂರು ಆಯಿತು. ಹೋದ ವರ್ಷ ಇಷ್ಟು ದೂರವೂ ಬಂದಿರಲಿಲ್ಲ. ಬರ್ನಿ ತಲೆ ಎತ್ತಿ ವೆಂಡೆಲ್ಲನತ್ತ ನೋಡಿದಳು, ನೋಡಿದೆಯಾ ಎಂಬಂತೆ. ಅವನು ನೋಡುತ್ತಿರಲಿಲ್ಲ. ಅವನ ಕಣ್ಣು ಒಂದೇ ಕಡೆ ನೆಟ್ಟಿತ್ತು. ಪೈಪಿನ ಬಣ್ಣ ಸುಟ್ಟು ಬಿಳಿಹೊಗೆ ಎದ್ದು ಅವನ ಮುಖಕ್ಕೇ ಅಡರಿತು. ಅವನು ಅಲುಗಲಿಲ್ಲ. ಒಮ್ಮೆ ಕೆಮ್ಮಿದ, ಕಣ್ಣೊರಸಿಕೊಂಡ, ಮತ್ತೆ ಅಲ್ಲೇ ನೋಡಿದ.

ಹೊಗೆಗೆ ಹೆದರುವವನು ಹೀಗೆ ನಿಲ್ಲುತ್ತಾನೆಯೇ?

ಬರ್ನಿಯ ತಲೆಗೆ ಆ ಪ್ರಶ್ನೆ ಹೊಕ್ಕಿತು. ಬೇಡದ ನೆನಪುಗಳೂ ಬಂದವು. ಅವಳೂ ಅವನೂ ಕಾರಿನ ಕೆಳಗೆ ಅಂಗಾತ ಮಲಗಿ, ಭಾರದ ಗೇರ್‌ಬಾಕ್ಸನ್ನು ನಾಲ್ಕು ಕೈಯಲ್ಲಿ ಎತ್ತಿ ಹಿಡಿದಿದ್ದ ದಿನ. ಯಾರೂ ಕೈ ಬಿಡುವಂತಿರಲಿಲ್ಲ. "ಮೂಗಿನ ತುದಿಗೆ ಗ್ರೀಸ್ ಹತ್ತಿದೆ," ಎಂದಿದ್ದ ಅವನು. "ಒರಸು ಮತ್ತೆ," ಎಂದಿದ್ದಳು. ಕೈ ಖಾಲಿ ಇಲ್ಲವಲ್ಲ ಎಂದವನೇ ಕತ್ತು ಚಾಚಿ ಮುತ್ತಿಟ್ಟಿದ್ದ. ಬೋಲ್ಟು ಕೂರಿಸಲು ಅವತ್ತು ಒಂದು ಗಂಟೆ ಹಿಡಿದಿತ್ತು.

ಹತ್ತು ನಿಮಿಷ. ಹನ್ನೆರಡು. ನೀರಿನ ಬಿಸಿ ಹದವಾಗಿತ್ತು. ಹದಿಮೂರು.

ಡೊಲೊರೆಸ್ ಹದಿನಾಲ್ಕು ತೋರಿಸಲು ಬೆರಳು ಹುಡುಕುತ್ತಿದ್ದಾಗ ವೆಂಡೆಲ್ ತಟ್ಟನೆ ಮುಂದಕ್ಕೆ ಬಾಗಿದ. ಭುಜದ ಒದ್ದೆ ಬಟ್ಟೆಯನ್ನು ಅಂಗೈಗೆ ಸುತ್ತಿ, ತನ್ನ ಬದಿಯಲ್ಲೇ, ಕೆಂಪಗೆ ಕಾಯುತ್ತಿದ್ದ ಹೊಗೆ ಪೈಪಿನ ಮೇಲಕ್ಕೇ ಕೈ ಚಾಚಿದ. ಏನು ಹಿಡಿದನೆಂದು ಬರ್ನಿಗೆ ಕಾಣಲಿಲ್ಲ. ನಡುವೆ ಏರ್ ಫಿಲ್ಟರಿನ ದೊಡ್ಡ ತಟ್ಟೆ. ಅವಳಿಗೆ ಕಂಡದ್ದು ಅವನ ಮುಖ ಮಾತ್ರ.

"ಆಫ್ ಮಾಡು!"

ದನಿ ಕೇಳಲಿಲ್ಲ, ತುಟಿ ಓದಿದಳು. ಇನ್ನು ಆರೇ ನಿಮಿಷ. ಮತ್ತೆ ಅದೇ ಮನುಷ್ಯ, ಮತ್ತೆ ಅದೇ ಮಾತು. ನಿಲ್ಲಿಸಿದರೆ ಎಂಜಿನ್ ಹೋಗಬಹುದು. ಕುರ್ಚಿಯಲ್ಲಿ ಅಪ್ಪ ಇನ್ನೂ ಕಣ್ಣು ಮುಚ್ಚಿ ಕೇಳುತ್ತಿದ್ದಾನೆ. ಒಂದು ವರ್ಷದ ಬೆವರು, ಒಂದು ವರ್ಷದ ಸಿಟ್ಟು, ಎಲ್ಲವೂ ಅವಳ ಕೈಯನ್ನು ಹಿಡಿದೆಳೆದವು.

ವೆಂಡೆಲ್ ಇನ್ನೊಮ್ಮೆ ಕೂಗಲಿಲ್ಲ. ಸುಮ್ಮನೆ ಅವಳ ಕಣ್ಣಲ್ಲಿ ಕಣ್ಣಿಟ್ಟು ನಿಂತ. ಕೈ ಮಾತ್ರ ಅಲ್ಲಿಂದ ತೆಗೆಯಲಿಲ್ಲ.

ಬರ್ನಿ ಕಾರಣ ಕೇಳಲಿಲ್ಲ. ಒಂದೇ ನೆಗೆತಕ್ಕೆ ಕಿಟಕಿಗೆ ಹೋಗಿ ಕೀ ತಿರುಗಿಸಿದಳು.

ಎಂಜಿನ್ ನಿಂತಿತು. ಆ ಮೌನದಲ್ಲಿ ಬಿಸಿ ಲೋಹ ಚಟಪಟ ಎನ್ನುವುದು ಕೇಳಿಸಿತು. ಅವಳು ಸುತ್ತಿ ಬಂದು ನೋಡಿದಳು. ಅವನ ಅಂಗೈಯ ಬಟ್ಟೆ ಪೆಟ್ರೋಲಿನಿಂದ ನೆನೆದಿತ್ತು. ಅದರ ಮೇಲೆ, ಅಪ್ಪ ಬಿಗಿ ಮಾಡಿದ ನಟ್ಟಿನ ಅಂಚಿನಲ್ಲಿ, ಇನ್ನೊಂದು ಹನಿ ತುಂಬಿಕೊಂಡು ಬೀಳಲು ಕಾಯುತ್ತಿತ್ತು. ಕೆಳಗೆ ಆ ಕಾದ ಹೊಗೆ ಪೈಪು. ಒಂದು ಹನಿ ಅದರ ಮೇಲೆ ಬಿದ್ದಿದ್ದರೆ ಕಾರೂ ಇಲ್ಲ, ಗ್ಯಾರೇಜೂ ಇಲ್ಲ.

ಹೋದ ವರ್ಷದ ಎರಡನೇ ನಿಮಿಷ ಪೂರ್ತಿಯಾಗಿ ಅವಳಿಗೆ ಅರ್ಥವಾಯಿತು. ಅವಳು ಹೇಡಿ ಎಂದು ಕೂಗುತ್ತಿದ್ದಾಗ ಇವನು ಬಗ್ಗಿ, ಯಾರಿಗೂ ಕಾಣದಂತೆ, ಆಗಲೂ ಅಪ್ಪನ ಕೈ ಸಡಿಲ ಬಿಟ್ಟಿದ್ದ ಈ ನಟ್ಟನ್ನು ಬಿಗಿ ಮಾಡುತ್ತಿದ್ದ.

"ಯಾರು ಆಫ್ ಮಾಡಿದ್ದು?" ಅಪ್ಪ ಕುರ್ಚಿಯಿಂದ ಏಳಲು ಹೆಣಗುತ್ತಿದ್ದ. "ಏನಾಯ್ತು?"

"ಸರ್, ಅದು ನಾನು..." ಎಂದು ವೆಂಡೆಲ್ ಶುರುಮಾಡಿದ.

"ನಾನೇ ಅಪ್ಪ," ಎಂದಳು ಬರ್ನಿ, ಅವನ ಮಾತಿನ ಮೇಲೆಯೇ. "ಬೆಲ್ಟ್ ಕಡೆ ಏನೋ ಸದ್ದು ಕೇಳಿಸ್ತು. ಏನೂ ಇಲ್ಲ. ಈಗಲೇ ಸ್ಟಾರ್ಟ್ ಮಾಡ್ತೀವಿ."

ಹಾಗೆಂದು ಸ್ಪ್ಯಾನರನ್ನು ವೆಂಡೆಲ್ಲನ ಕೈಗಿತ್ತಳು. ಅವನು ಅವಳನ್ನೇ ನೋಡಿದ. "ನನ್ನ ಮುಖದ ಮೇಲೆ ನಟ್ ಇದೆಯಾ?" ಎಂದಳು ಪಿಸುದನಿಯಲ್ಲಿ. ಅವಳ ಕಣ್ಣು ತುಂಬಿತ್ತು.

ಬಿಗಿ ಮಾಡಿ, ಒರಸಿ, ಆವಿ ಹೋಗಲೆಂದು ಬೀಸಿ, ಮತ್ತೆ ಸ್ಟಾರ್ಟ್ ಮಾಡಿದರು. ಒಂದೇ ಸುತ್ತಿಗೆ ಶುರುವಾಯಿತು. ಈಗ ಅವಳು ಎಡಬದಿಗೆ ಹೋಗಲಿಲ್ಲ. ಅವನ ಪಕ್ಕದಲ್ಲೇ ನಿಂತು ಕಡ್ಡಿ ಹಿಡಿದಳು. ಮಾತಾಡಬೇಕಾದರೆ ಕಿವಿಗೆ ಬಾಯಿ ತಾಗಿಸಲೇಬೇಕಿತ್ತು.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅವರ ಕೈಯಿಂದ ಸ್ಪ್ಯಾನರ್ ಕಿತ್ಕೊಳ್ತಿದ್ದೆ. ಅದಿಲ್ದೆ ಅವರು ಬೆಳಿಗ್ಗೆ ಹಾಸಿಗೆಯಿಂದ ಏಳ್ತಾರಾ?"

ಕಿತ್ತುಕೊಳ್ಳುತ್ತಿದ್ದಳು, ನಿಜ. ಅನುಮಾನವೇ ಇಲ್ಲ.

"ಅದಕ್ಕೆ ನನ್ನನ್ನ ಒಂದು ವರ್ಷ ಬಿಟ್ಕೊಟ್ಯಾ?"

"ಒಂದು ವಾರ ಅಂದ್ಕೊಂಡಿದ್ದೆ. ನಿನ್ನ ಸಿಟ್ಟು ಇಷ್ಟು ಗಟ್ಟಿ ಅಂತ ಗೊತ್ತಿರ್ಲಿಲ್ಲ."

ಅವಳು ಮೊಣಕೈಯಿಂದ ಅವನ ಪಕ್ಕೆಗೆ ತಿವಿದಳು, ನೋಯುವಂತೆಯೇ. "ನನ್ನ ಪರವಾಗಿ ನೀನೊಬ್ಬನೇ ತೀರ್ಮಾನ ಮಾಡಿದ್ದು ತಪ್ಪು. ನಾನು ಹಾಗೆಲ್ಲ ಅಂದಿದ್ದೂ ತಪ್ಪು. ಇನ್ಮೇಲೆ ನನ್ನ ಹತ್ರ ಏನೂ ಮುಚ್ಚಿಡಬೇಡ."

"ಹಾಗಾದ್ರೆ ಇನ್ನೊಂದು ಮುಚ್ಚಿಟ್ಟಿದ್ದು ಇದೆ. ನಿನ್ನನ್ನ ಪ್ರೀತಿಸ್ತೀನಿ."

ಅವಳಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಕೈಯನ್ನು ಕಿವಿಗೆ ಹಚ್ಚಿ, ಏನು ಎಂದಳು.

"ಪ್ರೀತಿಸ್ತೀನಿ ಅಂದೆ!"

ಅಷ್ಟು ಜೋರಾಗಿ ಕೂಗಿದ್ದು ಎಂಜಿನ್ನಿನ ಗುಡುಗನ್ನೂ ದಾಟಿ ಡೊಲೊರೆಸಳ ಕುರ್ಚಿಗೆ ಮುಟ್ಟಿತು. ಅವಳು ಚಪ್ಪಾಳೆ ತಟ್ಟಲು ಹೋಗಿ ಟೈಮರನ್ನು ಸಲಾಡಿನೊಳಗೆ ಬೀಳಿಸಿದಳು. ಇಪ್ಪತ್ತು ನಿಮಿಷ ಮುಗಿದದ್ದು ಅದು ಅಲ್ಲಿಂದಲೇ ಬಡಿದುಕೊಂಡಾಗ ಗೊತ್ತಾಯಿತು.

ಕಾರು ನಿಂತ ಮೇಲೆ ಅಪ್ಪ ನಿಧಾನ ನಡೆದು ಬಂದ. ನಟ್ಟನ್ನು ನೋಡಿದ, ವೆಂಡೆಲ್ಲನ ಕೆಂಪೆದ್ದ ಅಂಗೈ ನೋಡಿದ, ಮಗಳ ಮುಖ ನೋಡಿದ. ಅವನೇನು ದಡ್ಡನಲ್ಲ.

"ಲೈನ್ ಮೇಲೆ," ಎಂದ, "ನಾನು ಬಿಗಿ ಮಾಡಿದ್ದನ್ನ ಮುಂದಿನವನು ನೋಡಿ ಬಣ್ಣದ ಗುರುತು ಹಾಕಬೇಕಿತ್ತು. ಎಷ್ಟೇ ಒಳ್ಳೇ ಕೈ ಆದ್ರೂ ಸರಿಯೇ. ವೆಂಡೆಲ್, ಇನ್ಮೇಲೆ ನನ್ನ ಮುಂದಿನವನು ನೀನು."

"ಆಗಲಿ, ಸರ್."

"ಸರ್ ಅನ್ನೋದು ಬಿಡು. ಹೆಸರು ಹಿಡಿದು ಕಾಜ್ ಅನ್ನು." ತಿರುಗಿ ಹೋಗಿ ಕುರ್ಚಿಯಲ್ಲಿ ಕೂತು ಸಲಾಡ್ ಕೇಳಿದ.

ಉಳಿದದ್ದು ಒಂದೇ. ಹದಿನಾಲ್ಕನೇ ನಿಮಿಷದಲ್ಲಿ ನಿಲ್ಲಿಸಿದ್ದಕ್ಕೆ ಕ್ಯಾಮ್ ಉಳಿಯಿತೋ ಇಲ್ಲವೋ. ಎಣ್ಣೆಯ ಫಿಲ್ಟರ್ ಕತ್ತರಿಸಿ, ಒಳಗಿನ ಮಡಿಕೆ ಕಾಗದ ಬಿಡಿಸಿ ನೋಡಿದರೆ ತಿಳಿಯುತ್ತದೆ. ಪುಡಿಯಿದ್ದರೆ ಬಿಸಿಲಿಗೆ ಮಿನುಗುತ್ತದೆ.

ವೆಂಡೆಲ್ ಕತ್ತರಿಸಿ ಕಾಗದ ಹೊರತೆಗೆದ. ಬಿಡಿಸಲು ಹೋದಾಗ ಬರ್ನಿ ಅವನ ಮಣಿಕಟ್ಟು ಹಿಡಿದಳು.

"ತಾಳು. ಇದರಲ್ಲಿ ಏನೇ ಇರ್ಲಿ, ನಾಳೆ ಭಾನುವಾರ ನೀನು ಬರ್ತೀಯ."

"ಏನು ಮಾಡೋಕೆ?"

"ಪುಡಿ ಇದ್ರೆ ಎಂಜಿನ್ ಇಳಿಸೋಕೆ."

"ಇಲ್ದಿದ್ರೆ?"

"ಏನೂ ಮಾಡ್ದೆ ಸುಮ್ನೆ ನನ್ನ ಜೊತೆ ಕೂತಿರೋಕೆ. ನಾನೂ ನಿನ್ನನ್ನ ಪ್ರೀತಿಸ್ತೀನಿ, ಪೆದ್ದ. ಪುಡಿ ಇದ್ರೂ."

ಅವನು ಕಾಗದವನ್ನು ಬಿಸಿಲಿಗೆ ಹಿಡಿದು ಮಡಿಕೆ ಮಡಿಕೆಯಾಗಿ ಬಿಡಿಸಿದ. ಬರ್ನಿ ಕಾಗದದತ್ತ ನೋಡಲೇ ಇಲ್ಲ. ಅವನ ಮುಖವನ್ನೇ ನೋಡುತ್ತ ನಿಂತಳು. ಮೊದಲ ಮಡಿಕೆ, ಎರಡನೆಯದು, ಕೊನೆಯದು. ಅವನ ತುಟಿಯಂಚು ಮೆಲ್ಲಗೆ ಅರಳಿತು. ಎಂಜಿನ್ ಉಳಿದಿದೆಯೆಂದು ಅವಳಿಗೆ ತಿಳಿದದ್ದು ಹಾಗೆ.